ನನ್ನ ಮದುವೆ ಆಗಿಯೇ ಇರಲಿಲ್ಲವೆಂಬ ತೀರ್ಪು

ನಮ್ಮ ಯೆಹೂದಿಗಳ ಊರಿನಲ್ಲಿ ರಬ್ಬಿಗಳ, ಎಂದರೆ ಧರ್ಮಪಂಡಿತರ, ಪೀಠ ಒಂದು ಕೋಳಿಯನ್ನು ಅಶುದ್ಧ ಎಂದು ಹೇಳಿದರೆ ಅದು ಮರುಕ್ಷಣವೇ ತಟ್ಟೆಯಲ್ಲಿ ನಾರತೊಡಗುತ್ತದೆ. ಅದಕ್ಕೆ ಮುಂಚೆ ಎಷ್ಟೇ ಘಮಘಮಿಸುತ್ತಿದ್ದರೂ ಅಷ್ಟೇ. ಶುದ್ಧ ಎಂದರೆ ಮೊನ್ನೆಯ ಸಾರೂ ಈಗ ತಾನೇ ಒಲೆಯಿಂದ ಇಳಿಸಿದಂತೆ ಹಬೆಯಾಡುತ್ತದೆ. ಹೊಸ ತಿಂಗಳು ಇವತ್ತೇ ಶುರುವೆಂದು ಪೀಠ ಬಹುಮತದಿಂದ ಸಾರಿದರೆ ಚಂದ್ರ ಎಲ್ಲಿದ್ದರೂ ಎದ್ದು ಬರುತ್ತಾನೆ. ಒಂದು ಸಲ ಗಾಬರಿಯಲ್ಲಿ ಬೇಗ ಬಂದುಬಿಟ್ಟವನು ಸೂರ್ಯ ಮುಳುಗುವವರೆಗೆ ಏನು ಮಾಡಬೇಕೆಂದು ತಿಳಿಯದೆ ನೀರಿನ ಟ್ಯಾಂಕಿನ ಹಿಂದೆ ಅಡ್ಡಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಪರಸ್ಥಳದವರಿಗೆ ಇದು ಸೋಜಿಗ, ನಮಗೆ ಅಡುಗೆಮನೆಯ ತಾಪತ್ರಯ. ಹಾಲು ಮಾಂಸ ಬೆರೆಯಬಾರದೆಂಬುದು ಶಾಸ್ತ್ರ; ಆದರೂ ಹಾಲಿನ ಪಾತ್ರೆಗೆ ಮಾಂಸದ ಸೌಟು ಬಿದ್ದರೆ ನಮ್ಮ ಹೆಂಗಸರು ಸೌಟನ್ನು ತೊಳೆದು ಗೂಟಕ್ಕೆ ನೇತುಹಾಕಿ ಬೇರೆ ಮಾತಾಡುತ್ತಾರೆ. ಕೇಳಿದರೆ ತೀರ್ಪು ಬರುತ್ತದೆ, ತೀರ್ಪು ಬಂದರೆ ಪಾತ್ರೆ ಹೋಗುತ್ತದೆ. ಹೀಗಾಗಿ ಪೀಠದ ಮುಂದೆ ಪ್ರಶ್ನೆಗಳು ಕಡಿಮೆಯಾಗುತ್ತ ಬಂದವು. ಜನರಲ್ಲಿ ಭಕ್ತಿ ಇಳಿದಿದೆ ಎಂದು ರಬ್ಬಿಗಳು ಪ್ರತಿ ಶನಿವಾರ ಸಬ್ಬತ್ತಿನ ಪ್ರವಚನದಲ್ಲೂ ಮರುಗುತ್ತಿದ್ದರು. ಇಳಿದದ್ದು ಭಕ್ತಿಯಲ್ಲ, ನಮ್ಮ ಪಾತ್ರೆಗಳ ಸಂಖ್ಯೆ.

ನಾನು ಸಿಪ್ಪೋರಾ. ನನ್ನ ಗಂಡ ಎಲ್ಕಾನ ಕನ್ನಡಕ ಮಾರುವವನು. ಗಾಜುಗಳ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನದಿಯ ಮೇಲ್ಗಡೆಯ ಊರುಗಳಿಗೆ ಹೋಗುತ್ತಿದ್ದ. ಮದುವೆಯಾದ ಮೇಲೆ ಅವನು ಊರಿನವರ ಕಣ್ಣುಗಳನ್ನೆಲ್ಲ ಪರೀಕ್ಷಿಸಿದ, ನನ್ನ ಕಣ್ಣನ್ನು ಮಾತ್ರ ನೋಡಲಿಲ್ಲ. ಒಂದು ಮಳೆಗಾಲದಲ್ಲಿ ಅವನು ಹತ್ತಿದ್ದ ದೋಣಿ ನದಿಯ ತಿರುವಿನಲ್ಲಿ ಮಗುಚಿತು. ಕೆಲವರು ಈಜಿ ಬಂದರು, ಕೆಲವರ ಹೆಣ ಸಿಕ್ಕಿತು. ಎಲ್ಕಾನ ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ.

ಪೀಠದ ಮೂವರೂ ದಡಕ್ಕೆ ಬಂದರು. ನಡುವಿನವರು ರಬ್ಬಿ ಹಿಜ್ಕಿಯಾ, ಮಾತಿಗೆ ಮುಂಚೆ ಕೆಮ್ಮುವವರು. ಬಲಗಡೆಯವರು ಯಾರು ಏನೇ ಹೇಳಿದರೂ ಅಲ್ಲ ಎನ್ನುವವರು, ಎಡಗಡೆಯವರು ಕೊನೆಗೆ ಮಾತಾಡಿದವರ ಮಾತೇ ಸರಿ ಎನ್ನುವವರು. ಹಿಜ್ಕಿಯಾ ಕೆಮ್ಮಿ, "ನೀರಿನ ಆ ಕೊನೆ ಕಾಣ್ತದೇನಮ್ಮ?" ಎಂದರು.

"ತಿರುವಿದೆಯಲ್ಲ ಗುರುಗಳೇ, ಹೇಗೆ ಕಾಣುತ್ತೆ?"

"ಹಾಗಾದ್ರೆ ಇದು ಕೊನೆ ಕಾಣದ ನೀರು. ಅವನು ಎಲ್ಲಾದ್ರೂ ದಡ ಹತ್ತಿರಬಹುದು. ಶಾಸ್ತ್ರ ಹಾಗೆ ಹೇಳ್ತದೆ."

ಹೀಗೆ, ಗಂಡ ನಾಲ್ಕೂ ದಡ ಕಾಣುವ ಕೆರೆಯಲ್ಲಿ ಮುಳುಗಿದ್ದರೆ ವಿಧವೆಯಾಗಬೇಕಾಗಿದ್ದ ನಾನು, ಅವನು ನದಿಯಲ್ಲಿ ಮುಳುಗಿದ್ದರಿಂದ ಹೆಂಡತಿಯಾಗಿಯೇ ಉಳಿದೆ. ಬೇರೆ ಊರಿನ ರಬ್ಬಿಗಳು ಇಂಥ ಹೆಂಗಸರ ಮೇಲೆ ಕನಿಕರಪಟ್ಟು ಯಾವುದಾದರೂ ಸಾಕ್ಷಿ ಹುಡುಕಿ ಗಂಡ ಸತ್ತನೆಂದು ಹೇಳಿಬಿಡುತ್ತಾರಂತೆ. ನಮ್ಮವರಿಗೆ ಆ ಧೈರ್ಯವಿಲ್ಲ. ಎಲ್ಕಾನ ಎಲ್ಲೋ ಬದುಕಿದ್ದು, ಇಲ್ಲಿ ಇವರು ಸತ್ತ ಎಂದರೆ, ಅಲ್ಲಿ ಅವನು ಊಟದ ಮುಂದೆಯೇ ಹೆಣವಾಗುತ್ತಾನೆ. ಮೂವರು ವೃದ್ಧರು ಕೊಲೆಗಾರರಾಗುತ್ತಾರೆ. ಆದ್ದರಿಂದ ನನ್ನ ವಿಷಯ ಪ್ರತಿ ವರ್ಷ ಪೀಠದ ಮುಂದೆ ಬರುತ್ತಿತ್ತು, ಪ್ರತಿ ವರ್ಷ ಹಿಜ್ಕಿಯಾ ಕೆಮ್ಮುತ್ತಿದ್ದರು, ಕೆಮ್ಮು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಪೆನಿನ್ನಮ್ಮ ಇಬ್ಬರೇ. ಶುರುವಿನಲ್ಲಿ ಅವಳು ನನ್ನನ್ನು ಮಗನನ್ನು ನುಂಗಿದವಳು ಎಂಬಂತೆ ನೋಡುತ್ತಿದ್ದಳು. ನಾನೂ ಅವಳನ್ನು ಇಂಥ ಮಗನನ್ನು ಹೆತ್ತವಳು ಎಂಬಂತೆ ನೋಡುತ್ತಿದ್ದೆ. ಆದರೆ ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕೂತವರು ಎಷ್ಟು ದಿನ ಮುಖ ತಿರುಗಿಸಿಕೊಂಡಿರಲು ಆಗುತ್ತದೆ? ಅವಳಿಗೆ ಸೊಂಟ ಹಿಡಿದಾಗ ನಾನು ಎಣ್ಣೆ ತಿಕ್ಕಿದೆ. ನನಗೆ ಜ್ವರ ಬಂದಾಗ ಅವಳು ಗಂಜಿ ಕುಡಿಸಿ, ಕುಡಿಸುವಾಗಲೂ ಬೈದಳು. ಆಮೇಲಾಮೇಲೆ ಆ ಬೈಗುಳ ಕೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಅವಳ ಹಾಸಿಗೆ ಗಂಟುಗಂಟಾಗಿದೆಯೆಂದು ಹತ್ತಿ ಹಿಂಜಲು ಓವದ್ಯ ಬಂದ. ಮೀಸೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡ, ಮಾತು ಕಡಿಮೆಯ ಮನುಷ್ಯ. ಹಿತ್ತಿಲಲ್ಲಿ ಕೂತು ಬಿಲ್ಲು ಮೀಟುತ್ತ ಒಂದೇ ಹಾಸಿಗೆಯನ್ನು ಹಿಂಜಿದ್ದನ್ನೇ ಮತ್ತೆ ಹಿಂಜಿದ. ಕೊನೆಗೆ ನನ್ನ ಹತ್ತಿರ ಅಲ್ಲ, ಅತ್ತೆಯ ಹತ್ತಿರ ಹೋಗಿ ಹೇಳಿದ: "ಅಮ್ಮಾ, ನಿಮ್ಮ ಸೊಸೆಗೆ ಎಂದಾದರೂ ಬಿಡುಗಡೆ ಸಿಕ್ಕಿದ್ರೆ, ನಾನು ಕಾಯ್ತಾ ಇರ್ತೀನಿ."

ಪೆನಿನ್ನಮ್ಮ ದಿಂಬನ್ನು ಎತ್ತಿ ಅವನ ಮೇಲೆ ಎಸೆದಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಮದುವೆಗೆ ನನ್ನ ಮಗನ್ನ ಕೊಲ್ಲಿಸ್ತೀಯೇನೇ?" ಎಂದಳು. ಆ ದಿನ ಇಬ್ಬರೂ ಉಣ್ಣಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮೂರಿಗೆ ಇಬ್ಬರು ವಿದ್ವಾಂಸರು ಬಂದರು. ಪ್ರೊಫೆಸರ್ ಗುಂಪರ್ಟ್ ಮತ್ತು ಡಾಕ್ಟರ್ ವೈಸ್‌ಬ್ಲಾಟ್. ಇಬ್ಬರೂ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ರಬ್ಬಿಗಳ ಚಿಂತನೆಯನ್ನು ಬೋಧಿಸುವವರು. ಪ್ರಾಚೀನ ರಬ್ಬಿಗಳು ತೀರ್ಪು ಕೊಟ್ಟಾಗ ಏನೆಂದುಕೊಂಡು ಕೊಡುತ್ತಿದ್ದರು ಎಂಬುದೇ ಇಬ್ಬರ ನಡುವಿನ ಹಳೆಯ ಜಗಳ. ಗುಂಪರ್ಟರ ಪ್ರಕಾರ ಶುದ್ಧ, ಅಶುದ್ಧ ಎಂಬುವು ಬರೀ ಹೆಸರುಗಳು, ಜನ ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ವಸ್ತುವಿಗೆ ಅದರಿಂದ ಏನೂ ಆಗುವುದಿಲ್ಲ. ವೈಸ್‌ಬ್ಲಾಟಮ್ಮನ ಪ್ರಕಾರ ತೀರ್ಪು ವಸ್ತುವಿನ ಒಳಗೇ ಇಳಿಯುತ್ತದೆ ಎಂದು ಆ ರಬ್ಬಿಗಳು ನಂಬಿದ್ದರು. ಈ ಜಗಳದ ಮೇಲೆ ಇಬ್ಬರೂ ಎಷ್ಟೋ ಸಂಪುಟ ಬರೆದಿದ್ದರಂತೆ. ನಮ್ಮೂರಿಗೆ ಬಂದಿದ್ದು ಎದುರಾಳಿಯ ಬಾಯಿ ಮುಚ್ಚಿಸಲು.

ಊರಿನಲ್ಲಿ ಛತ್ರವಿಲ್ಲದ್ದರಿಂದ ಅವರ ಊಟ ನಮ್ಮ ಮನೆಯಲ್ಲಿ ಗೊತ್ತಾಯಿತು. ಒಂದು ಮಧ್ಯಾಹ್ನ ಗುಂಪರ್ಟರು ಅರ್ಧ ಕೋಳಿ ತಿಂದಿದ್ದಾಗ, ಯಾರೋ ಪಕ್ಕದ ಮನೆಯ ಬುದ್ಧಿವಂತ ಅದರ ಜಠರದಲ್ಲಿ ಸೂಜಿ ಸಿಕ್ಕಿತ್ತೆಂದು ಪೀಠಕ್ಕೆ ಹೇಳಿ ತೀರ್ಪು ತಂದ. ತಟ್ಟೆ ನಾರಿತು. ಪ್ರೊಫೆಸರರು ಹಿತ್ತಿಲಿಗೆ ಓಡಿದರು. ವಾಪಸು ಬಂದು ಮುಖ ಒರೆಸಿಕೊಳ್ಳುತ್ತ, ಪುಸ್ತಕದಿಂದ ಕಲಿತ ಕನ್ನಡದಲ್ಲಿ, "ಶ್ರೀಮತಿಯವರೇ, ಇದು ಕೇವಲ ಹವಾಮಾನದ ಪರಿಣಾಮವು" ಎಂದರು. ವೈಸ್‌ಬ್ಲಾಟಮ್ಮ ಅವರ ವಾಂತಿಯ ಬಗ್ಗೆ ಏನೋ ಬರೆದುಕೊಂಡು, "ಆದರೆ ಇದು ಪಠ್ಯದಲ್ಲಿ ಎಲ್ಲಿಯೂ ಇಲ್ಲವಲ್ಲ, ಆದ್ದರಿಂದ ಇದನ್ನು ಆಧಾರವಾಗಿ ಉಲ್ಲೇಖಿಸಲಾಗದು" ಎಂದು ಬೇಸರಪಟ್ಟುಕೊಂಡರು. ಕಣ್ಣ ಮುಂದೆ ನಡೆದದ್ದು ಇಬ್ಬರಿಗೂ ಸಾಲಲಿಲ್ಲ. ಒಬ್ಬರಿಗೆ ಅದು ಆಗಿರಲಿಲ್ಲ, ಇನ್ನೊಬ್ಬರಿಗೆ ಅದು ಅಚ್ಚಾಗಿರಲಿಲ್ಲ.

ಇಬ್ಬರೂ ಪೀಠದ ಪುಸ್ತಕಗಳನ್ನು ತೆರೆದಾಗಲೂ ಇದೇ ಕಥೆ. ಈ ಸಾಲು ಆ ರಬ್ಬಿಯದಲ್ಲ, ಅವರ ಶಿಷ್ಯರ ಶಿಷ್ಯರು ಸೇರಿಸಿದ್ದು. ಆ ಸಾಲು ಇನ್ನೊಂದು ಕಡೆಯಿಂದ ಎತ್ತಿ ಇಟ್ಟದ್ದು. ಈ ಮಾತು ವ್ಯಂಗ್ಯ, ಈ ವ್ಯಂಗ್ಯ ಮಾತ್ರ ಗಂಭೀರ. ಹೀಗೆ ಎಲೆಕೋಸಿನ ಎಲೆ ಬಿಡಿಸುತ್ತ ಬಿಡಿಸುತ್ತ ಸಂಜೆಯ ಹೊತ್ತಿಗೆ ಬುಟ್ಟಿಯ ತುಂಬ ಎಲೆ, ಕೋಸು ಎಲ್ಲಿ ಎಂದು ಕೇಳುವವರಿಲ್ಲ. ಬಲಗಡೆಯ ರಬ್ಬಿಗೆ ಇದು ಬಹಳ ಹಿಡಿಸಿತು. ಇಷ್ಟು ಚೆನ್ನಾಗಿ ಅಲ್ಲ ಅಲ್ಲ ಎನ್ನುವವರನ್ನು ಅವರು ಕಂಡಿರಲಿಲ್ಲ.

ನನ್ನ ವಿಷಯ ಅವರ ಕಿವಿಗೆ ಬಿದ್ದ ದಿನ ಇಬ್ಬರ ಕಣ್ಣೂ ಹೊಳೆದವು. "ತಾವು ಅತ್ಯಂತ ಅಪರೂಪದ ಪ್ರಕರಣವು!" ಎಂದು ಗುಂಪರ್ಟರು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಪೀಠ ಎಲ್ಕಾನನನ್ನು ಸತ್ತನೆಂದು ಧಾರಾಳವಾಗಿ ಹೇಳಬಹುದು, ಅವನ ಕೂದಲೂ ಕೊಂಕುವುದಿಲ್ಲ ಎಂಬುದು ಅವರ ವಾದ. ವೈಸ್‌ಬ್ಲಾಟಮ್ಮ ಅಡ್ಡ ಬಂದರು: "ಆತ ಖಂಡಿತ ಸಾಯುವನು. ಸತ್ತರೆ ನನ್ನ ಸಿದ್ಧಾಂತವು ಸಾಬೀತಾಗುವುದು ನಿಜ. ಆದರೆ ಆತ ಸತ್ತದ್ದು ನಮಗೆ ತಿಳಿಯುವುದೆಂತು?" ಈ ಕಷ್ಟದ ಬಗ್ಗೆ ಇಬ್ಬರೂ ನಮ್ಮ ಜಗಲಿಯ ಮೇಲೆ ಕೂತು ಅರ್ಧ ದಿನ ಚರ್ಚಿಸಿದರು. ಪೆನಿನ್ನಮ್ಮ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಹೊರಗೆ ಬಂದಳು. "ನಿಮಗಿಬ್ಬರಿಗೂ ಮಕ್ಕಳಿದಾರಾ?" ಎಂದು ಕೇಳಿದಳು.

ಇಬ್ಬರೂ ಇಲ್ಲ ಎಂದರು.

"ಅದೇ ಅಂದ್ಕೊಂಡೆ" ಎಂದು ಒಳಗೆ ಹೋದಳು. ಆ ದಿನ ಅವರ ಸಾರಿಗೆ ಉಪ್ಪು ಬೀಳಲಿಲ್ಲ.

ಉಪಾಯ ಯಾರಿಗೆ ಮೊದಲು ಹೊಳೆಯಿತೋ ಗೊತ್ತಿಲ್ಲ. ಆಮೇಲೆ ಅದರ ಬಗ್ಗೆಯೂ ಅವರು ಜಗಳವಾಡಿದರು. ಹಳೆಯ ರಬ್ಬಿಗಳ ಒಂದು ವಿಚಾರವಿದೆ: ಲೋಕದಲ್ಲಿ ಯಾರೇ ಮದುವೆಯಾದರೂ ಅದು ರಬ್ಬಿಗಳ ಸಮ್ಮತಿಯ ಮೇಲೆಯೇ ನಿಂತಿರುತ್ತದೆ. ತೀರಾ ಅಗತ್ಯ ಬಿದ್ದರೆ ಅವರು ಆ ಸಮ್ಮತಿಯನ್ನು ವಾಪಸು ತೆಗೆದುಕೊಳ್ಳಬಹುದು. ಆಗ ಮದುವೆ ಮುರಿಯುವುದಿಲ್ಲ, ಮೊದಲಿನಿಂದಲೇ ಆಗಿರಲಿಲ್ಲ ಎಂದಾಗುತ್ತದೆ. ಗಂಡ ಸಾಯಬೇಕಿಲ್ಲ, ಬಿಡುಗಡೆಯ ಪತ್ರ ಬರೆಯಬೇಕಿಲ್ಲ. ಮದುವೆಯೇ ಇಲ್ಲವೆಂದ ಮೇಲೆ ಹೆಂಡತಿ ಎಲ್ಲಿಯವಳು? ಬರೀ ಹೆಸರು ಅಳಿಯುತ್ತದೆ ಅಷ್ಟೇ ಎಂದು ಗುಂಪರ್ಟರು ಹಿಗ್ಗಿದರು. ಗಂಡನ ದೇಹಕ್ಕೆ ತೀರ್ಪು ತಾಗುವುದಿಲ್ಲವೆಂದು ವೈಸ್‌ಬ್ಲಾಟಮ್ಮ ಹಿಗ್ಗಿದರು. ಜೀವನದಲ್ಲಿ ಮೊದಲ ಸಲ ಇಬ್ಬರೂ ಒಪ್ಪಿದ್ದರು. ನಾನು ಆವಾಗಲೇ ಹೆದರಬೇಕಿತ್ತು.

ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಪೀಠ ಸೇರಿತು. ಊರೇ ಬಂದಿತ್ತು. ಓವದ್ಯ ಬಾಗಿಲ ಹತ್ತಿರ ಟೋಪಿ ಹಿಂಡುತ್ತ ನಿಂತಿದ್ದ. ಹೆಂಗಸರ ಬೆಂಚಿನಲ್ಲಿ ನನ್ನ ಪಕ್ಕ ಪೆನಿನ್ನಮ್ಮ ಕೂತಿದ್ದಳು. ವಿದ್ವಾಂಸರು ತಮ್ಮ ವಾದ ಮಂಡಿಸಿದರು. ಬಲಗಡೆಯವರು ಕೂಡ ಅಲ್ಲ ಎನ್ನಲು ಜಾಗ ಸಿಗದೆ ಗಡ್ಡ ನೀವಿದರು. ಆಗ ಪೆನಿನ್ನಮ್ಮ ಎದ್ದು ನಿಂತಳು.

"ಗುರುಗಳೇ, ಒಂದು ಮಾತು. ಇವಳ ಮದುವೆ ಆಗಿಲ್ಲ ಅಂದ್ರೆ, ಇವಳು ನನಗೇನಾಗ್ತಾಳೆ?"

ಹಿಜ್ಕಿಯಾ ಕೆಮ್ಮಿದರು. "ಆ ಪ್ರಶ್ನೆ ಪೀಠದ ಮುಂದೆ ಇಲ್ಲಮ್ಮ. ಅತ್ತೆ ಈ ವ್ಯಾಜ್ಯದಲ್ಲಿ ಕಕ್ಷಿದಾರಳಲ್ಲ."

"ನನ್ನ ಮಗ?"

"ಬದುಕಿದ್ರೆ ಬದುಕೇ ಇರ್ತಾನೆ."

ಪೆನಿನ್ನಮ್ಮ ಕೂತಳು. ನಾನು, "ಅತ್ತೆ, ಬೇಡ ಅಂದ್ರೆ ಈಗಲೇ ಬೇಡ ಅಂತೀನಿ" ಎಂದೆ. ಅವಳು ಮುಂದೆಯೇ ನೋಡುತ್ತ, "ಬಾಯ್ಮುಚ್ಕೊಂಡು ಕೂತ್ಕೋ. ಎಷ್ಟು ವರ್ಷ ಅಂತ ನನ್ನ ಸೊಂಟ ತಿಕ್ಕೊಂಡಿರ್ತೀಯ? ಮಗಾನೂ ಉಳೀತಾನೆ, ನೀನೂ ಉಳೀತೀಯ. ನನಗಿನ್ನೇನು ಬೇಕು?" ಎಂದು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದಳು.

ಹಿಜ್ಕಿಯಾ ತೀರ್ಪು ಓದಿದರು. ಕೊನೆಯ ಪದ ಮುಗಿಯುತ್ತಿದ್ದಂತೆ ಪೆನಿನ್ನಮ್ಮನ ಹಿಡಿತ ಸಡಿಲವಾಯಿತು. ಅವಳು ನನ್ನ ಕೈಯನ್ನು ಮೆಲ್ಲನೆ ನನ್ನ ಮಡಿಲಿಗೇ ಇಟ್ಟು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೆ ಹೇಳುವಷ್ಟೇ ಮರ್ಯಾದೆಯಿಂದ, "ಸ್ವಲ್ಪ ಆ ಕಡೆ ಸರೀತೀರಾಮ್ಮ?" ಎಂದಳು. ಆಮೇಲೆ ಸುತ್ತ ನೋಡಿ, "ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ, ಇಲ್ಲೇನು ಮಾಡ್ತಿದೀನಿ ನಾನು?" ಎಂದು ಗೊಣಗುತ್ತ ಎದ್ದು ಹೋದಳು.

ಸಿನಗಾಗಿನ ತುಂಬ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾಕೆ ಸೇರಿದ್ದೇವೆಂದು ಯಾರಿಗೂ ಗೊತ್ತಿಲ್ಲ. ರಬ್ಬಿ ಹಿಜ್ಕಿಯಾ ನನ್ನನ್ನು ನೋಡಿ, "ಏನಮ್ಮ, ಏನಾಗಬೇಕಿತ್ತು?" ಎಂದರು. ನನಗೆ ಮಾತ್ರ ಎಲ್ಲವೂ ನೆನಪಿತ್ತು. ಹೇಗೆ ಎಂದು ಕೇಳಿದರೆ ನನ್ನ ಊಹೆ ಇಷ್ಟೇ: ಆ ಪೀಠದ ಮುಂದೆ ಹೆಂಗಸು ತನ್ನ ಮದುವೆಯ ಬಗ್ಗೆ ಹೇಳುವ ಸಾಕ್ಷ್ಯ ನಡೆಯುವುದಿಲ್ಲ. ಅವರು ಯಾವತ್ತೂ ಕೇಳದೇ ಇದ್ದ ನನ್ನ ನೆನಪಿನ ಮೇಲೆ ಅವರ ತೀರ್ಪು ಹೇಗೆ ತಾನೇ ನಡೆದೀತು?

ವಿದ್ವಾಂಸರಿಬ್ಬರೂ ಅಂಗಳದಲ್ಲಿ ಚೀಲ ಹಿಡಿದು ನಿಂತಿದ್ದರು. ಪ್ರಕರಣವೇ ಇಲ್ಲದ ಮೇಲೆ ತಾವು ಇಲ್ಲಿಗೆ ಬಂದದ್ದೇಕೆ ಎಂಬುದು ಅವರಿಗೆ ತಿಳಿಯದು. ನೀವು ಕರೆದಿರೆಂದು ಬಂದೆ ಎಂದು ಅವರು, ನೀವೇ ಕರೆದದ್ದೆಂದು ಇವರು. ಜಗಳವಾಡುತ್ತಲೇ ಬಸ್ಸು ಹತ್ತಿದರು. ಈಚೆಗೆ ಗುಂಪರ್ಟರು ಒಂದು ಲೇಖನ ಬರೆದಿದ್ದಾರೆಂದು ಕೇಳಿದೆ: ತೀರ್ಪಿನಂತೆ ವಸ್ತುಗಳು ಬದಲಾಗುವ ಊರೊಂದಿತ್ತು ಎಂಬ ಮಾತು ನಂತರದ ಸೇರ್ಪಡೆಯಂತೆ. ವೈಸ್‌ಬ್ಲಾಟಮ್ಮ ಅದನ್ನು ಖಂಡಿಸಿ, ಸೇರ್ಪಡೆ ಅಷ್ಟು ನಂತರದ್ದಲ್ಲ ಎಂದು ಬರೆದಿದ್ದಾರಂತೆ.

ನಾನು ಅಭ್ಯಾಸಬಲದಿಂದ ಅತ್ತೆಯ ಮನೆಗೇ ಹೋದೆ. ಜಗಲಿಯ ಮೇಲೆ ಎಲ್ಕಾನ ಕೂತಿದ್ದ. ಸ್ವಲ್ಪ ದಪ್ಪಗಾಗಿದ್ದ, ಪಂಚೆಯ ತುದಿಯಲ್ಲಿ ಗಾಜು ಒರೆಸುತ್ತಿದ್ದ. ನಾನು ಅವನ ಹೆಂಡತಿಯಾಗಿರಲಿಲ್ಲವಾದ್ದರಿಂದ ಅವನು ಆ ದೋಣಿ ಹತ್ತಿಯೇ ಇರಲಿಲ್ಲ. ಅಂದು ಅವನು ಮುಳುಗಿದ್ದನೋ, ನನ್ನಿಂದ ತಪ್ಪಿಸಿಕೊಂಡು ಓಡಿದ್ದನೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಓಡಿಹೋಗಲು ಹೆಂಡತಿಯಿಲ್ಲದೆ ಅವನು ಅಷ್ಟು ವರ್ಷವೂ ತಾಯಿಯ ಕೈಯ ಊಟ ಉಂಡುಕೊಂಡು ಇಲ್ಲೇ ಇದ್ದ.

"ಬನ್ನಿ ಬನ್ನಿ, ಕನ್ನಡಕ ಬೇಕಿತ್ತಾ?" ಎಂದು ನನ್ನನ್ನು ಮಣೆಯ ಮೇಲೆ ಕೂರಿಸಿದ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದ. "ಒಳ್ಳೇ ಕಣ್ಣು. ಏನೂ ದೋಷ ಇಲ್ಲವಲ್ಲ ನಿಮಗೆ."

"ನನಗೂ ಹಾಗೇ ಅನ್ನಿಸ್ತಿತ್ತು" ಎಂದು ಎದ್ದು ಬಂದೆ. ಬೀದಿ ದಾಟುವವರೆಗೆ ನಗು, ದಾಟಿದ ಮೇಲೆ ಅಳು.

ನನ್ನ ಸೊಂಟದಲ್ಲಿ ಸತ್ತ ಅಪ್ಪನ ಮನೆಯ ಬೀಗದ ಕೈ ಸಿಕ್ಕಿಕೊಂಡಿತ್ತು. ಬಾಗಿಲು ತೆಗೆದರೆ ನನ್ನ ಸೀರೆಗಳು ಅಲ್ಲಿನ ಹಗ್ಗದ ಮೇಲೆಯೇ ಒಣಗುತ್ತಿದ್ದವು. ಪಕ್ಕದ ಮನೆಯಾಕೆ, "ಇವತ್ತು ತಡವಾಯ್ತಲ್ಲ ಸಿಪ್ಪೋರಾ" ಎಂದು ದಿನವೂ ನನ್ನನ್ನು ಕಾಣುವವಳ ಹಾಗೆ ಅಂದಳು. ಬಿಡುಗಡೆ ಎಂದರೆ ಇದೇ ಇರಬೇಕು ಎಂದುಕೊಂಡು ಓವದ್ಯನ ಅಂಗಡಿಗೆ ಹೋದೆ. ಅವನು ಮೀಸೆಯ ಎಳೆ ತೆಗೆಯುತ್ತ, "ಯಾರ ಮನೆಯವರು ನೀವು?" ಎಂದ. ಅವನು ನನ್ನನ್ನು ಮೊದಲು ಕಂಡದ್ದು ಪೆನಿನ್ನಮ್ಮನ ಹಿತ್ತಿಲಲ್ಲಿ. ಆ ಹಿತ್ತಿಲಲ್ಲಿ ನಾನು ಇರಲೇ ಇಲ್ಲವಲ್ಲ! ಮೂವರು ಪಂಡಿತರು, ಇಬ್ಬರು ವಿದ್ವಾಂಸರು ಸೇರಿ ನನ್ನನ್ನು ಯಾರನ್ನು ಬೇಕಾದರೂ ಮದುವೆಯಾಗಬಹುದಾದವಳನ್ನಾಗಿ ಮಾಡಿ, ಮದುವೆಯಾಗಬೇಕೆಂದವನನ್ನೇ ಇಲ್ಲದಂತೆ ಮಾಡಿದ್ದರು.

"ಅಪ್ಪನ ಕಾಲದ ಹಾಸಿಗೆ ಇದೆ. ಹಿಂಜಿಕೊಡಬೇಕು. ಮನೆಗೇ ಬರಬೇಕು" ಎಂದೆ.

ಬಂದ. ಅವನಿಗೆ ಮಜ್ಜಿಗೆಗೆ ಶುಂಠಿ ಹಾಕಿದರೆ ಇಷ್ಟವೆಂದು ನನಗೆ ಗೊತ್ತಿತ್ತು. ಕುಡಿದು ಲೋಟವನ್ನು ನೋಡಿದ, ನನ್ನನ್ನು ನೋಡಿದ. ಬಿಲ್ಲು ಮೀಟಿದ. ಬೇರೆ ಯಾರಾದರೂ ಮಧ್ಯಾಹ್ನಕ್ಕೆ ಮುಗಿಸಿ ಹೋಗುವ ಕೆಲಸ. ಅವನು ಮರುದಿನವೂ ಬಂದ, ಅದರ ಮರುದಿನವೂ ಬಂದು ಹಿಂಜಿದ್ದನ್ನೇ ಹಿಂಜಿದ. ಒಳಗೆ ನಿಂತು ಆ ಸದ್ದು ಕೇಳುತ್ತ ನನಗೆ ಸಮಾಧಾನವಾಯಿತು. ಇವನ ಮೇಲೆ ಯಾರ ತೀರ್ಪೂ ಪೂರ್ತಿ ನಡೆದಿರಲಿಲ್ಲ.

ಪೆನಿನ್ನಮ್ಮನನ್ನು ಬಿಟ್ಟಿರುವುದು ಮಾತ್ರ ನನ್ನಿಂದಾಗಲಿಲ್ಲ. ಬೆಂಕಿ ಕೇಳುವ ನೆಪದಲ್ಲಿ, ಕರಿಬೇವಿನ ನೆಪದಲ್ಲಿ ಅವಳ ಅಡುಗೆಮನೆಗೆ ಹೋಗತೊಡಗಿದೆ. ಅವಳ ಬೇಳೆಗೆ ಹೇಳದೆಯೇ ಉಪ್ಪು ಹಾಕಿದೆ, ಸೊಂಟಕ್ಕೆ ಎಣ್ಣೆ ಬಿಸಿ ಮಾಡಿದೆ. "ಯಾರ ಮಗಳೇ ನೀನು? ನಿನ್ನ ಕೈ ನನ್ನ ಕೈಯ ಹಾಗೇ ಇದೆಯಲ್ಲೇ!" ಎಂದು ಬೆರಗಾದವಳು ಸ್ವಲ್ಪ ದಿನದಲ್ಲೇ ಬೈಯಲು ಶುರು ಮಾಡಿದಳು. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಒಂದು ದಿನ ಬಾಗಿಲು ಸರಿಸಿ ಗುಟ್ಟಿನ ದನಿಯಲ್ಲಿ, "ನಮ್ಮ ಎಲ್ಕಾನನ್ನ ಮದುವೆ ಆಗ್ತೀಯೇನೇ?" ಎಂದಳು.

ನನಗೆ ಬಂದ ನಗುವಿಗೆ ಕೈಯಲ್ಲಿದ್ದ ಮೊರ ಜಾರಿತು. "ಬೇಡಮ್ಮ."

"ಯಾಕೆ? ಏನು ಕೊರತೆ ಅವನಿಗೆ?"

"ಮನೇಲಿ ನಿಲ್ಲೋ ಗಂಡಸಲ್ಲ ಅವನು."

"ಸುಳ್ಳು ಹೇಳಬೇಡ! ನನ್ನ ಮಗ ಒಂದು ರಾತ್ರೀನೂ ಮನೆ ಬಿಟ್ಟು ಇದ್ದವನಲ್ಲ" ಎಂದು ಅವಳು ಸಿಟ್ಟಾದಳು. ಹೇಳಿದ್ದು ನಿಜವೇ. ಓವದ್ಯ ಕೇಳಿದ್ದಾನೆ, ನಾನು ಹೂಂ ಎಂದಿದ್ದೇನೆ ಎಂದೆ. ಅವಳು ಜಾರಿದ ಮೊರವನ್ನು ಎತ್ತಿಟ್ಟು, "ಹತ್ತಿಯವನು ಪರವಾಗಿಲ್ಲ. ಕೆಲಸ ನಿಧಾನ" ಎಂದಳು.

ಮದುವೆ ಸಿನಗಾಗಿನ ಅಂಗಳದಲ್ಲಿ ನಡೆಯಿತು. ಚಪ್ಪರದ ಬಟ್ಟೆಯ ಕೆಳಗೆ ಓವದ್ಯ ಮೀಸೆ ತೊಳೆದುಕೊಂಡು ನಿಂತಿದ್ದ. ಅವನ ಕಡೆ ಅವನ ತಾಯಿ, ತಮ್ಮಂದಿರು, ಅವರ ಮಕ್ಕಳು. ವಧುವಿನ ತಾಯಿ ನಿಲ್ಲುವ ಜಾಗ ಖಾಲಿ. ನನಗೆ ಯಾರೂ ಇರಲಿಲ್ಲ. ಪ್ರಾರ್ಥನೆ ಶುರುವಾಗುವಷ್ಟರಲ್ಲಿ ಜನರನ್ನು ಸರಿಸಿಕೊಂಡು ಪೆನಿನ್ನಮ್ಮ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಯಾರನ್ನೂ ಕೇಳದೆ ಆ ಜಾಗದಲ್ಲಿ ನಿಂತು, ನನ್ನ ಸೆರಗು ಸರಿಯಿಲ್ಲವೆಂದು ಬೈದು ಎಳೆದು ಸರಿಮಾಡಿದಳು. ಅವಳ ಕಣ್ಣಿನಲ್ಲಿ ಧಾರಾಕಾರ ನೀರು. ಯಾಕೆಂದು ಅವಳಿಗೂ ತಿಳಿದಂತಿರಲಿಲ್ಲ.

ಪೀಠದ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ರಬ್ಬಿ ಹಿಜ್ಕಿಯಾ ಕೆಮ್ಮಿ, "ಪೆನಿನ್ನಮ್ಮ, ಅದು ತಾಯಿಯ ಜಾಗ. ಈ ಹುಡುಗಿ ನಿನಗೆ ಏನಾಗಬೇಕು?" ಎಂದರು.

"ಏನೂ ಆಗಬೇಕಿಲ್ಲ. ಸುಮ್ಮನೆ ನಿಂತಿದೀನಿ. ಯಾಕೆ, ಅದಕ್ಕೂ ತೀರ್ಪು ಕೊಡ್ತೀರಾ?" ಎಂದು ಪೆನಿನ್ನಮ್ಮ ಮೂಗು ಒರೆಸಿಕೊಂಡು, ನನ್ನ ಮೊಣಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು.

ಬಲಗಡೆಯವರು ಅಲ್ಲ ಎನ್ನಲು ಬಾಯಿ ತೆರೆದರು. ಹಿಜ್ಕಿಯಾ ಅವರ ತೋಳು ಹಿಡಿದು ತಡೆದರು. ಮೂವರೂ ಪುಸ್ತಕದಲ್ಲಿ ಮುಖ ಹುದುಗಿಸಿದರು, ಮದುವೆ ಮುಂದುವರಿಯಿತು.